ಮನೆ ಕಟ್ಟಿದರೆ ಸಾಲದು, ಎಲ್ಲಿ ಕಟ್ಟಬೇಕು?
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾಯಕತ್ವದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ದೊಡ್ಡ ನಾಯಕರ ಬಗ್ಗೆ ನೀವು ಸಾಕಷ್ಟು ಕೇಳಿದ್ದೀರಿ, ಓದಿದ್ದೀರಿ. ನಾನು ಇಂದು ಅಮೆರಿಕದ ಶಿಕಾಗೊ ನಗರದ ಒಂದು ಸರಕಾರಿ ವಸತಿ ಸಂಸ್ಥೆಯ ಕಥೆ ಹೇಳುತ್ತೇನೆ. ಅದರಲ್ಲಿ ಮೂವರು ಬರುತ್ತಾರೆ: ಒಬ್ಬ ಅಧ್ಯಕ್ಷರು, ಒಬ್ಬ ಅಧಿಕಾರಿ, ಒಬ್ಬ ಬಾಡಿಗೆದಾರಳು.

1937ರಲ್ಲಿ ಅಮೆರಿಕದಲ್ಲಿ ಬಡವರ ವಸತಿಗಾಗಿ ಒಂದು ಕಾನೂನು ಬಂತು. ಹಣದ ನೆರವು ಕೇಂದ್ರ ಸರಕಾರದ್ದು, ಮನೆ ಕಟ್ಟಿಸಿ ನಿರ್ವಹಿಸುವ ಹೊಣೆ ಸ್ಥಳೀಯ ವಸತಿ ಸಂಸ್ಥೆಯದ್ದು. ಅದೇ ವರ್ಷ ಶಿಕಾಗೊ ಹೌಸಿಂಗ್ ಅಥಾರಿಟಿ ಹುಟ್ಟಿತು. ಅದರ ಆಡಳಿತ ಮಂಡಳಿಯನ್ನು ನೇಮಿಸುವವರು ನಗರದ ಮೇಯರ್. ದಿನನಿತ್ಯದ ಆಡಳಿತದ ಮುಖ್ಯಸ್ಥರಾಗಿ ಬಂದವರು ಎಲಿಜಬೆತ್ ವುಡ್. ಇವರು ಮೊದಲು ಇಂಗ್ಲಿಷ್ ಅಧ್ಯಾಪಕಿಯಾಗಿದ್ದವರು.

ಆ ದಿನಗಳಲ್ಲಿ ದಕ್ಷಿಣದ ರಾಜ್ಯಗಳಿಂದ ಕಪ್ಪು ಜನಾಂಗದವರು ಕೆಲಸ ಹುಡುಕುತ್ತಾ ಸಾವಿರಾರು ಸಂಖ್ಯೆಯಲ್ಲಿ ಶಿಕಾಗೊಗೆ ಬರುತ್ತಿದ್ದರು. ಕಾರ್ಖಾನೆಯಲ್ಲಿ ಕೆಲಸ ಸಿಗುತ್ತಿತ್ತು, ಮನೆ ಸಿಗುತ್ತಿರಲಿಲ್ಲ. ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂದು ಬಿಳಿಯರು ಪತ್ರ ಬರೆದು ರಿಜಿಸ್ಟರ್ ಮಾಡಿಸಿಕೊಳ್ಳುತ್ತಿದ್ದರು. 1948ರವರೆಗೂ ನ್ಯಾಯಾಲಯಗಳು ಇಂತಹ ಕರಾರುಗಳನ್ನು ಜಾರಿ ಮಾಡುತ್ತಿದ್ದವು. ಹೀಗಾಗಿ ನಗರದ ದಕ್ಷಿಣ ಭಾಗದ ಒಂದು ಪಟ್ಟಿಯಲ್ಲಿ ಕಪ್ಪು ಜನರು ಒತ್ತೊತ್ತಾಗಿ ಬದುಕಬೇಕಾಯಿತು.

ಈ ಸಂಸ್ಥೆಯ ಮೊದಲ ಕಪ್ಪು ಅಧ್ಯಕ್ಷರು ರಾಬರ್ಟ್ ಟೇಲರ್. 1940ರ ದಶಕದಲ್ಲಿ ಆ ಸ್ಥಾನದಲ್ಲಿದ್ದರು. ದೊಡ್ಡ ವಸತಿ ಸಮುಚ್ಚಯವೊಂದರ ಮ್ಯಾನೇಜರ್ ಆಗಿದ್ದ ಅವರಿಗೆ ಬಾಡಿಗೆದಾರರ ಕಷ್ಟಸುಖ ಚೆನ್ನಾಗಿ ಗೊತ್ತಿತ್ತು. ಬಡವರ ಮನೆಗಳನ್ನು ಒಂದೇ ಮೂಲೆಯಲ್ಲಿ ಗುಡ್ಡೆ ಹಾಕಬಾರದು, ಊರಿನ ಎಲ್ಲ ಭಾಗಗಳಲ್ಲಿಯೂ ಕಟ್ಟಬೇಕು ಎಂಬುದು ಟೇಲರ್ ಮತ್ತು ವುಡ್ ಇಬ್ಬರ ನಿಲುವು.

ಇದಕ್ಕೆ ವಿರೋಧ ಎಷ್ಟಿತ್ತೆಂದರೆ, 1946ರಲ್ಲಿ ಮಾಜಿ ಸೈನಿಕರಿಗಾಗಿ ಕಟ್ಟಿದ ಮನೆಗಳಿಗೆ ಕೆಲವು ಕಪ್ಪು ಸೈನಿಕರ ಸಂಸಾರಗಳು ಬಂದಾಗ ಗಲಭೆಯೇ ಆಯಿತು. ದೇಶಕ್ಕಾಗಿ ಯುದ್ಧ ಮಾಡಿ ಬಂದವರು ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕಾಯಿತು. ಜಾಗದ ಆಯ್ಕೆಗೆ ನಗರಸಭೆಯ ಒಪ್ಪಿಗೆ ಬೇಕೆಂಬ ಕಾನೂನು ಬಂತು. ಅದರ ನಂತರ ಸಂಸ್ಥೆ ಏಳು ಜಾಗಗಳನ್ನು ಸೂಚಿಸಿತು. ನಗರಸಭೆ ಹೆಚ್ಚಿನವನ್ನು ತಿರಸ್ಕರಿಸಿತು. "ಮನೆ ಬೇಕು, ಆದರೆ ನಮ್ಮ ವಾರ್ಡಿನಲ್ಲಿ ಬೇಡ" ಎಂಬುದೇ ಸದಸ್ಯರ ಧೋರಣೆಯಾಗಿತ್ತು. 1950ರಲ್ಲಿ ಟೇಲರ್ ರಾಜೀನಾಮೆ ಕೊಟ್ಟರು.

ವುಡ್ ಮುಂದುವರಿದರು. 1953ರಲ್ಲಿ ಟ್ರಂಬಲ್ ಪಾರ್ಕ್ ಎಂಬ ಬಿಳಿಯರ ಸಮುಚ್ಚಯಕ್ಕೆ ಮೊದಲ ಕಪ್ಪು ಕುಟುಂಬ ಬಂತು. ಕಿಟಕಿಗಳಿಗೆ ಕಲ್ಲು ಬಿತ್ತು, ತಿಂಗಳುಗಟ್ಟಲೆ ಪೊಲೀಸ್ ಕಾವಲು ಬೇಕಾಯಿತು. ಗಲಭೆ ಮಾಡಿದವರಿಗಿಂತ ನ್ಯಾಯ ಪಾಲಿಸಲು ಹೊರಟ ಅಧಿಕಾರಿಯೇ ತೊಂದರೆಯಾಗಿ ಕಂಡರು. 1954ರಲ್ಲಿ ಅವರನ್ನು ಹುದ್ದೆಯಿಂದ ತೆಗೆಯಲಾಯಿತು.

ಆಮೇಲೆ ಬಂದವರು ಸುಲಭದ ದಾರಿ ಹಿಡಿದರು. ಎಲ್ಲಿ ವಿರೋಧವಿಲ್ಲವೋ ಅಲ್ಲಿಯೇ, ಅಂದರೆ ಕಪ್ಪು ಜನರ ಕೇರಿಗಳಲ್ಲಿಯೇ, ಕಟ್ಟುತ್ತಾ ಹೋದರು. 1962ರಲ್ಲಿ ಅಂತಹ ಒಂದು ಬೃಹತ್ ಸಮುಚ್ಚಯ ಮುಗಿಯಿತು: 16 ಅಂತಸ್ತಿನ 28 ಕಟ್ಟಡಗಳು, 4,000ಕ್ಕೂ ಹೆಚ್ಚು ಮನೆಗಳು. ಅದಕ್ಕೆ ಇಟ್ಟ ಹೆಸರು ಏನು ಗೊತ್ತೇ? ರಾಬರ್ಟ್ ಟೇಲರ್ ಹೋಮ್ಸ್! ಯಾವುದನ್ನು ವಿರೋಧಿಸಿ ಅವರು ಕುರ್ಚಿ ಬಿಟ್ಟರೋ, ಅದಕ್ಕೇ ಅವರ ಹೆಸರು. ಟೇಲರ್ 1957ರಲ್ಲಿಯೇ ತೀರಿಕೊಂಡಿದ್ದರು, ಬೇಡ ಎನ್ನಲು ಅವರಿರಲಿಲ್ಲ. ಹೆಸರನ್ನು ಗೌರವಿಸುವುದು ಸುಲಭ, ಮಾತನ್ನು ಗೌರವಿಸುವುದು ಕಷ್ಟ.

ಮುಂದೇನಾಯಿತು? ಲಿಫ್ಟ್‌ಗಳು ಕೆಟ್ಟು ನಿಂತವು. ಬಾಡಿಗೆಯ ಆದಾಯ ದುರಸ್ತಿಗೆ ಸಾಲಲಿಲ್ಲ. ಸ್ವಲ್ಪ ಸಂಪಾದನೆಯಿದ್ದವರು ಬಿಟ್ಟು ಹೋದರು, ತೀರಾ ಬಡವರು ಉಳಿದರು. ಅಪರಾಧ ಹೆಚ್ಚಿತು. 2007ರ ಹೊತ್ತಿಗೆ ಆ ಎಲ್ಲ ಕಟ್ಟಡಗಳನ್ನು ಕೆಡವಿಯಾಗಿತ್ತು. ಕೆಡವಿದಾಗ ಮತ್ತೆ ಮನೆ ಕಳೆದುಕೊಂಡವರೂ ಆ ಬಡವರೇ.

ಈಗ ಮೂರನೆಯವರ ಕಥೆ. ಡೊರೊತಿ ಗೋಟ್ರೂ ಅದೇ ಸಂಸ್ಥೆಯ ಮನೆಯೊಂದರ ಬಾಡಿಗೆದಾರಳು. ಕೈಯಲ್ಲಿ ಅಧಿಕಾರವಿಲ್ಲ. 1966ರಲ್ಲಿ ಆಕೆ ಮತ್ತು ಇತರ ಕೆಲವರು ಸಂಸ್ಥೆಯ ಮೇಲೆಯೇ ದಾವೆ ಹೂಡಿದರು. 1969ರಲ್ಲಿ, ಜನಾಂಗ ನೋಡಿಯೇ ಜಾಗ ಆರಿಸಲಾಗಿದೆ, ಇದು ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಧೀಶರು ತೀರ್ಪು ಕೊಟ್ಟರು. ತೀರ್ಪು ಕೇಳಲು ಡೊರೊತಿ ಬದುಕಿರಲಿಲ್ಲ, 1968ರಲ್ಲಿ ತೀರಿಕೊಂಡಿದ್ದರು. 1976ರಲ್ಲಿ ಸುಪ್ರೀಂ ಕೋರ್ಟು ಕೂಡ ಕೇಂದ್ರದ ವಸತಿ ಇಲಾಖೆ ಪರಿಹಾರ ಕೊಡಬೇಕೆಂಬುದನ್ನು ಎತ್ತಿ ಹಿಡಿಯಿತು. ಅದರಿಂದ 1998ರವರೆಗೆ 7,000ಕ್ಕೂ ಹೆಚ್ಚು ಕುಟುಂಬಗಳು ಬೇರೆ ಬಡಾವಣೆ, ಉಪನಗರಗಳಿಗೆ ಹೋಗಲು ನೆರವು ಪಡೆದವು. ಉಪನಗರಗಳಿಗೆ ಹೋದವರ ಮಕ್ಕಳು ಕಾಲೇಜು ಮೆಟ್ಟಿಲು ಹತ್ತುವುದು ಹೆಚ್ಚು ಎಂದು ಜೇಮ್ಸ್ ರೋಸೆನ್‌ಬಾಮ್ ಎಂಬ ಸಂಶೋಧಕರು ಕಂಡುಕೊಂಡರು. ಮಗು ಯಾವ ಬೀದಿಯಲ್ಲಿ ಬೆಳೆಯುತ್ತದೆ ಎಂಬುದು ಅದರ ಓದಿಗೂ ಸಂಬಂಧಪಟ್ಟದ್ದು.

ವಿದ್ಯಾರ್ಥಿ ಮಿತ್ರರೇ, ಇದನ್ನು ನಿಮಗೆ ಯಾಕೆ ಹೇಳಿದೆ? ನಾಳೆ ನೀವು ಪಟ್ಟಣಕ್ಕೆ ಓದಲು ಹೋಗಿ ರೂಮು ಹುಡುಕುವಾಗ ಹೆಸರು ಕೇಳಿದ ಕೂಡಲೇ ಬಾಗಿಲು ಮುಚ್ಚಬಹುದು. ಆ ನೋವು ನಿಮ್ಮೊಬ್ಬರದ್ದಲ್ಲ ಎಂದು ತಿಳಿದಿರಲಿ. ಮುಂದೆ ನಿಮ್ಮಲ್ಲೇ ಕೆಲವರು ಮನೆ ಮಾಲೀಕರಾಗುತ್ತೀರಿ. ಆಗ ಬೇರೆಯವರ ಮಕ್ಕಳಿಗೆ ನೀವು ಬಾಗಿಲು ಮುಚ್ಚಬೇಡಿ. ಇನ್ನು ಕೆಲವರು ಇಂಜಿನಿಯರ್, ವಕೀಲ, ಪಂಚಾಯಿತಿ ಸದಸ್ಯ, ಅಧಿಕಾರಿಗಳಾಗುತ್ತೀರಿ. ಬಡವರಿಗೆ ನಿವೇಶನ ಹಂಚುವ ಕಡತ ನಿಮ್ಮ ಮೇಜಿಗೆ ಬಂದಾಗ ಎಷ್ಟು ಮನೆ ಎಂದು ಮಾತ್ರ ನೋಡಬೇಡಿ. ಆ ಜಾಗ ಎಲ್ಲಿದೆ? ಶಾಲೆ ಎಷ್ಟು ದೂರ? ಬಸ್ಸು ಬರುತ್ತದೆಯೇ? ಎಲ್ಲ ಬಡವರನ್ನೂ ಒಂದೇ ಮೂಲೆಗೆ ತಳ್ಳುತ್ತಿದ್ದೇವೆಯೇ? ಇಷ್ಟು ಕೇಳಿ.

ಟೇಲರ್ ಮತ್ತು ವುಡ್ ತಮ್ಮ ಕಾಲದಲ್ಲಿ ಸೋತರು. ಆದರೆ ಅವರು ಎತ್ತಿದ ಪ್ರಶ್ನೆಯನ್ನೇ ಒಬ್ಬ ಬಾಡಿಗೆದಾರಳು ನ್ಯಾಯಾಲಯಕ್ಕೆ ಒಯ್ದು ಗೆದ್ದಳು. ನ್ಯಾಯದ ಪ್ರಶ್ನೆ ಕೇಳಲು ಕುರ್ಚಿಯೇ ಬೇಕೆಂದಿಲ್ಲ. ಕುರ್ಚಿ ಸಿಕ್ಕಾಗ ಕೇಳದೆ ಇರುವುದು ಮಾತ್ರ ತಪ್ಪು.