ಓದಿ ಒತ್ತೋಣ



ಒಂದು ಕಾಲದಲ್ಲಿ ಊರ ಸಾಹುಕಾರ ನಮ್ಮ ಮುಂದೆ ಕಾಗದ ಇಡುತ್ತಿದ್ದ. "ಇಲ್ಲಿ ಹೆಬ್ಬೆಟ್ಟು ಒತ್ತು" ಅನ್ನುತ್ತಿದ್ದ. ಕಾಗದದಲ್ಲಿ ಏನಿದೆ ಅಂತ ಒತ್ತಿದವರಿಗೆ ಗೊತ್ತಿರಲಿಲ್ಲ. ಕೊಟ್ಟ ಸಾಲ ನೂರು, ಬರೆದದ್ದು ಸಾವಿರ. ಹೊಲ ಕೈಬಿಟ್ಟ ಮೇಲೆ ತಿಳಿಯುತ್ತಿತ್ತು. ಅದಕ್ಕೇ ಅಲ್ಲವೇ ನಾವು ಅಕ್ಷರ ಕಲಿತದ್ದು?

ಈಗ ಎಷ್ಟೋ ಮನೆಗಳಿಗೆ ಕಂಪ್ಯೂಟರ್ ಬಂದಿದೆ. ಮಕ್ಕಳ ಓದಿಗೆ ಅಂತ ತಂದದ್ದು. ಅದರಲ್ಲೇ ಪಹಣಿ ನೋಡ್ತೀವಿ, ಕರೆಂಟ್ ಬಿಲ್ ಕಟ್ತೀವಿ, ದೂರದ ಮಗಳ ಮುಖ ನೋಡಿ ಮಾತಾಡ್ತೀವಿ. ಒಳ್ಳೆಯದೇ. ಆದರೆ ಪರದೆಯ ಮೇಲೆ ಗಳಿಗೆಗೊಂದು ಚೌಕ ಎದ್ದು ಬರುತ್ತದೆ. "ಒಪ್ಪುತ್ತೀರಾ? ಅನುಮತಿ ಕೊಡುತ್ತೀರಾ?" ಅಂತ ಕೇಳುತ್ತದೆ. ನಾವು ಓದದೆ ಒತ್ತಿಬಿಡ್ತೀವಿ. ಓದದೆ ಒತ್ತಿದರೆ ಅದೂ ಹೆಬ್ಬೆಟ್ಟೇ.

ಇಂಟರ್‌ನೆಟ್ ಪುಟಗಳನ್ನು ತೆರೆದು ತೋರಿಸುವ ಸಾಧನಕ್ಕೆ ಬ್ರೌಸರ್ ಅಂತಾರೆ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವೆಲ್ಲ ಬ್ರೌಸರ್‌ಗಳು. ಬ್ರೌಸರ್ ಅಂದರೆ ಮನೆಯ ಕಿಟಕಿ ಇದ್ದ ಹಾಗೆ. ನಾವು ಹೊರಗೆ ನೋಡಬಹುದು. ಹೊರಗಿನವರೂ ಒಳಗೆ ಇಣುಕಬಹುದು. ಪರದೆ ಎಳೆಯುವುದು ನಮ್ಮ ಕೈಯಲ್ಲಿದೆ.

ಮೊದಲ ಕೆಲಸ, ಬ್ರೌಸರಿಗೆ ಕನ್ನಡ ಕಲಿಸುವುದು. ಕ್ರೋಮಿನ ಬಲಗಡೆ ಮೇಲೆ ಮೂರು ಚುಕ್ಕಿಗಳಿವೆ. ಅದನ್ನು ಒತ್ತಿ. ಸೆಟ್ಟಿಂಗ್ಸ್ ಎಂಬಲ್ಲಿಗೆ ಹೋಗಿ. ಅಲ್ಲಿ ಭಾಷೆಯ ಭಾಗವಿದೆ. ಕನ್ನಡ ಆರಿಸಿಕೊಳ್ಳಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಐದು ನಿಮಿಷದ ಕೆಲಸ. ಆಮೇಲೆ ಕೇಳುವ ಪ್ರಶ್ನೆ ನಮಗೆ ಓದಲು ಬರುತ್ತದೆ.

ಎರಡನೆಯದು ಕುಕಿ. ಇದು ತಿನ್ನುವ ಬಿಸ್ಕತ್ತಲ್ಲ. ನಾವು ಒಂದು ಪುಟ ತೆರೆದಾಗ, ಅದು ನಮ್ಮ ಕಂಪ್ಯೂಟರಿನಲ್ಲಿ ಇಟ್ಟು ಹೋಗುವ ಸಣ್ಣ ಚೀಟಿ. 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ ಇದು ಹುಟ್ಟಿತು. ನಾವು ಮತ್ತೆ ಹೋದಾಗ ಅಂಗಡಿ ನಮ್ಮ ಗುರುತು ಹಿಡಿಯಲಿ ಅಂತ ಮಾಡಿದ್ದು. ಅದರಿಂದ ಉಪಯೋಗವಿದೆ.

ಆದರೆ ಅದೇ ಪುಟದಲ್ಲಿ ಜಾಹೀರಾತಿನವರೂ ತಮ್ಮ ಚೀಟಿ ಇಡುತ್ತಾರೆ. ಇವಕ್ಕೆ ಥರ್ಡ್ ಪಾರ್ಟಿ ಕುಕಿ, ಅಂದರೆ ಮೂರನೆಯವರ ಚೀಟಿ ಅಂತ ಹೆಸರು. ಸಂತೆಗೆ ಹೋಗಿದ್ದೀರಿ ಅನ್ನಿ. ಒಬ್ಬ ಅಪರಿಚಿತ ಪುಸ್ತಕ ಹಿಡಿದು ಹಿಂದೆಯೇ ಬರುತ್ತಾನೆ. ಯಾವ ಅಂಗಡಿಗೆ ಹೋದಿರಿ, ಏನು ಕೇಳಿದಿರಿ, ಯಾವ ಔಷಧಿ ಕೊಂಡಿರಿ, ಎಲ್ಲ ಬರೆದುಕೊಳ್ಳುತ್ತಾನೆ. ಸುಮ್ಮನಿರ್ತೀವಾ? ಸೆಟ್ಟಿಂಗ್ಸ್‌ನಲ್ಲಿ ಗೌಪ್ಯತೆಯ ಭಾಗಕ್ಕೆ ಹೋಗಿ, ಮೂರನೆಯವರ ಕುಕಿಗಳನ್ನು ತಡೆಯಿರಿ. ಆಪಲ್ ಕಂಪನಿಯ ಸಫಾರಿ ಬ್ರೌಸರ್ 2020ರಿಂದ ಇವನ್ನು ತಾನೇ ತಡೆಯುತ್ತದೆ. ಕ್ರೋಮಿನಲ್ಲಿ ನಾವೇ ತಡೆಯಬೇಕು.

ಮೂರನೆಯದು ಅನುಮತಿ. ನೀವಿರುವ ಜಾಗ, ಕ್ಯಾಮೆರಾ, ಮೈಕು ಬೇಕು ಅಂತ ಪುಟಗಳು ಕೇಳುತ್ತವೆ. ದಾರಿ ತೋರಿಸುವ ನಕ್ಷೆಗೆ ನಾವಿರುವ ಜಾಗ ತಿಳಿಯಬೇಕು, ಸರಿ. ಅಡುಗೆ ಹೇಳಿಕೊಡುವ ಪುಟಕ್ಕೆ ಯಾಕೆ? ಬೇಡ ಅನ್ನಿ. ಕೆಲವು ಪುಟಗಳು ಸೂಚನೆ ಕಳಿಸಲು ಅನುಮತಿ ಕೇಳುತ್ತವೆ. ಕೊಟ್ಟರೆ, "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಎಂಬ ಸುಳ್ಳು ಸೂಚನೆಗಳೂ ಬರಬಹುದು. ಫೋನ್ ಮಾಡಬೇಡಿ. ಗೌಪ್ಯತೆಯ ಭಾಗಕ್ಕೇ ಹೋಗಿ ಕೊಟ್ಟ ಅನುಮತಿ ವಾಪಸು ಪಡೆಯಿರಿ. ಕೊಟ್ಟ ಮಾತು ಹಿಂದಕ್ಕೆ ತಗೊಳ್ಳೋದು ಇಲ್ಲಿ ತಪ್ಪಲ್ಲ.

ನಾಲ್ಕನೆಯದು ದುರಸ್ತಿ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತೇವೆ. ಕಂಪ್ಯೂಟರಿಗೂ ಹಾಗೆ. ತಯಾರಿಸಿದ ಕಂಪನಿ ಆಗಾಗ ದುರಸ್ತಿ ಕಳಿಸುತ್ತದೆ. ಅದಕ್ಕೆ ಅಪ್‌ಡೇಟ್ ಅಂತಾರೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕೆಟ್ಟ ಪ್ರೋಗ್ರಾಂ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳು ವಾಪಸು ಹೋಗಬೇಕಾಯಿತು. ಆ ತೂತು ಮುಚ್ಚುವ ದುರಸ್ತಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು. ವಿಂಡೋಸ್ 10ಕ್ಕೆ ಮಾಮೂಲಿ ದುರಸ್ತಿ ಕೊಡುವುದು 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಿಮ್ಮದು ಅದೇ ಆಗಿದ್ದರೆ, ತಿಳಿದವರಿಂದ ವಿಂಡೋಸ್ 11 ಹಾಕಿಸಲು ಆಗುತ್ತದೆಯೇ ಕೇಳಿ. ಬೇಕಾದ ಫೋಟೋ, ಕಾಗದಪತ್ರಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ, ಡಿಸ್ಕನ್ನು ಬಿಚ್ಚಿ ಇಡಿ.

ಐದನೆಯದು ಪಾಸ್‌ವರ್ಡ್. ಮಗನ ಹೆಸರು, ಫೋನ್ ನಂಬರು ಬೇಡ. ಉದ್ದವಾಗಿರಲಿ. ಎಲ್ಲ ಬಾಗಿಲಿಗೂ ಒಂದೇ ಬೀಗದ ಕೈ ಬೇಡ. ಫೋನಿಗೆ ಬರುವ ಓಟಿಪಿಯನ್ನು ಯಾರಿಗೂ ಹೇಳಬೇಡಿ. ಬ್ಯಾಂಕಿನವರು ಅಂದರೂ ಹೇಳಬೇಡಿ, ಪೊಲೀಸರು ಅಂದರೂ ಹೇಳಬೇಡಿ. ಹಣ ಹೋಯಿತೋ, ನಾಚಿಕೊಂಡು ಕೂರಬೇಡಿ. ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಇನ್ನೊಂದು ಮಾತು. 2023ರಲ್ಲಿ ಸಂಸತ್ತು ನಮ್ಮ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಒಂದು ಕಾಯ್ದೆ ಮಾಡಿತು. ನಮ್ಮ ಒಪ್ಪಿಗೆ ಕೇಳುವವರು, ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದಿಕೊಳ್ಳಲು ಅವಕಾಶ ಕೊಡಬೇಕು ಅಂತ ಅದರಲ್ಲಿದೆ. ಆ 22ರಲ್ಲಿ ಕನ್ನಡವೂ ಒಂದು. ಕಾಯ್ದೆ ಹಂತ ಹಂತವಾಗಿ ಜಾರಿಯಾಗುವಂಥದು. ಕನ್ನಡದಲ್ಲಿ ಕೇಳಿ ಪಡೆಯುವವರು ನಾವು. ಓದುವವರೇ ಇಲ್ಲದಿದ್ದರೆ ಕಾಯ್ದೆ ಏನು ಮಾಡೀತು?

ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಇವತ್ತು ಭಾಷೆ, ನಾಳೆ ಕುಕಿ, ನಾಡಿದ್ದು ಅಪ್‌ಡೇಟ್. ನೀವು ಕಲಿತದ್ದನ್ನು ಪಕ್ಕದ ಮನೆಯವರಿಗೂ ಹೇಳಿಕೊಡಿ. ಅರ್ಥವಾಗದ ಚೌಕ ಬಂದರೆ ಅವಸರ ಮಾಡಬೇಡಿ. ನಿಧಾನವಾಗಿ, ಅಕ್ಷರ ಕೂಡಿಸಿ ಓದಿ. ತಿಳಿಯದಿದ್ದರೆ ಬೇಡ ಅನ್ನಿ. ತಿಳಿದರೆ ಮಾತ್ರ ಒತ್ತಿ.