ಅಂತರ್ಜಾಲಕ್ಕೆ ಬುದ್ಧಿ ಬರುವುದೆಂತು?



ಅಂತರ್ಜಾಲವು ಮುಂದಿನ ತಲೆಮಾರಿನಲ್ಲಿ ಇನ್ನಷ್ಟು ಬುದ್ಧಿವಂತವಾಗುವುದೆಂದು ಎಲ್ಲೆಡೆಯೂ ಕೇಳಿಬರುತ್ತಿದೆ. ಆ ಬುದ್ಧಿ ಎಂಥದು, ಅದರಲ್ಲಿ ಕನ್ನಡದ ಪಾಲೆಷ್ಟು ಎಂಬುದನ್ನು ತಮ್ಮ ಮುಂದಿಡಬಯಸುತ್ತೇನೆ.

ನಮ್ಮ ನಾಗಪುರದ ಹಣ್ಣನ್ನೇ ನೋಡಿ. ನಾವು ಕಿತ್ತಳೆ ಎನ್ನುತ್ತೇವೆ, ಮಾರುವವನು ಸಂತ್ರಾ ಎನ್ನುತ್ತಾನೆ. ಎರಡೂ ಒಂದೇ ಎಂದು ಮನೆಯ ಕೂಸೂ ಬಲ್ಲದು. ಯಂತ್ರಕ್ಕಾದರೋ ಅವು ಬರಿಯ ಅಕ್ಷರಗಳ ಎರಡು ಸರಗಳು. ಪುಟಗಳನ್ನು ಹೆಣೆದರೆ ಸಾಲದು, ವಿಷಯಗಳ ಸಂಬಂಧವನ್ನೇ ಯಂತ್ರಕ್ಕೆ ತಿಳಿಯುವಂತೆ ಬರೆದಿಡಬೇಕೆಂದು ಜಾಲದ ಜನಕರಾದ ಟಿಮ್ ಬರ್ನರ್ಸ್-ಲೀಯವರು 2001ರಲ್ಲಿ ಇಬ್ಬರು ಸಂಗಡಿಗರೊಡನೆ ಪ್ರತಿಪಾದಿಸಿದರು. 2012ರಲ್ಲಿ ಆರಂಭವಾದ ವಿಕಿಡೇಟಾ ಈ ದಾರಿಯದೇ: ವಸ್ತುವಿಗೊಂದು ಸಂಖ್ಯೆ, ಅದರಡಿ ನಾನಾ ಭಾಷೆಗಳ ಹೆಸರು. ಕನ್ನಡದ ಹೆಸರನ್ನು ಕನ್ನಡ ಬಲ್ಲವರೇ ಸೇರಿಸಬೇಕಷ್ಟೆ.

ಈಚಿನ ದಾರಿ ಬೇರೆ. ಚಾಟ್‌ಜಿಪಿಟಿಯಂಥವು ರಾಶಿ ರಾಶಿ ಬರಹವನ್ನು ಓದಿ, ಯಾವ ಮಾತಿನ ಹಿಂದೆ ಯಾವ ಮಾತು ಬರುವುದೆಂದು ಕಲಿಯುತ್ತವೆ. ಬರಹ ಹೆಚ್ಚಿದ್ದ ಭಾಷೆಗೆ ಬುದ್ಧಿಯೂ ಹೆಚ್ಚು! 2011ರ ಜನಗಣತಿಯಂತೆ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳು 30 ಸಾವಿರವನ್ನು ಮೀರಿವೆ. ಇಂಗ್ಲಿಷಿನವು 60 ಲಕ್ಷವನ್ನು ಮೀರಿವೆ.

2021ರ ಜೂನ್‌ನಲ್ಲಿ ನಡೆದುದು ತಮಗೆ ನೆನಪಿರಬಹುದು. ಭಾರತದ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ಕನ್ನಡವೆಂದು ತೋರಿಸಿತು. ಕರ್ನಾಟಕ ಸರ್ಕಾರ ಪ್ರತಿಭಟಿಸಿತು, ಸಂಸ್ಥೆ ಕ್ಷಮೆ ಕೇಳಿತು. ಜನ ಸಿಟ್ಟಾದುದು ಸಹಜ. ನನಗಾದರೋ ಅದರಲ್ಲಿ ಅವಮಾನಕ್ಕಿಂತ ಯಂತ್ರದ ಪೆದ್ದುತನವೇ ದೊಡ್ಡದಾಗಿ ಕಂಡಿತು. ಪ್ರಶ್ನೆಯೇ ಅಸಂಬದ್ಧವೆಂದು ಅದಕ್ಕೆ ಹೊಳೆಯಲಿಲ್ಲ. ಜಾಲದ ಮೂಲೆಯಲ್ಲಿ ಯಾರೋ ಗೀಚಿದ್ದನ್ನು ಉತ್ತರವೆಂದು ಒಪ್ಪಿಸಿಬಿಟ್ಟಿತು.

ಇನ್ನು ನಮ್ಮ ಮನೆಗಳ ಮಾತು. ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಆಡಬಲ್ಲರು, ಓದಲಾರರು. ಶಾಲೆಯಲ್ಲಿ ಕಲಿಯುವುದು ಮರಾಠಿ, ಹಿಂದಿ, ಇಂಗ್ಲಿಷು. ಬಾಯಿಂದ ಕೇಳಿದರೆ ಬಾಯಿಂದಲೇ ಉತ್ತರಿಸುವ ಜಾಲ ಇವರಿಗೆ ವರವೇ ಸರಿ. ಆದರೆ ವಾರ್ತೆ ಓದುವವರ ಕನ್ನಡವನ್ನಷ್ಟೇ ಕೇಳಿ ಕಲಿತ ಯಂತ್ರವು, ಧಾರವಾಡದ ಧಾಟಿಯಲ್ಲಿ ವಿದರ್ಭದ ಮರಾಠಿ ಬೆರೆತ ನಮ್ಮ ಮಾತಿಗೆ ತಬ್ಬಿಬ್ಬಾದೀತು. ಆಗ ಮಗು ಸುಮ್ಮನೆ ಹಿಂದಿಗೆ ಹೊರಳುತ್ತದೆ. ಮನೆಯಲ್ಲಿ ಉಳಿದಿದ್ದ ಕನ್ನಡ ಹೀಗೂ ಸವೆಯಬಹುದು.

ಭಾರತ ಸರ್ಕಾರವು 2022ರ ಜುಲೈಯಲ್ಲಿ ಭಾಷಿಣಿ ಎಂಬ ಯೋಜನೆಯನ್ನು ಬಿಡುಗಡೆ ಮಾಡಿತು. ಅದರ ಭಾಷಾದಾನದಲ್ಲಿ, ತೋರಿಸಿದ ಕನ್ನಡ ವಾಕ್ಯವನ್ನು ಯಾರೂ ಗಟ್ಟಿಯಾಗಿ ಓದಿ ದನಿಯನ್ನು ಕೊಡಬಹುದು. ವಾಕ್ಯ ಅವರದು, ಉಚ್ಚಾರ ನಮ್ಮದು. ಮನೆಮಾತಿನ ಪದಗಳು ಅದರಲ್ಲಿ ಸಿಕ್ಕವು. ಅವನ್ನು ನಾವೇ ಬೇರೆಯಾಗಿ ಬರೆದು ಜಾಲಕ್ಕೇರಿಸಬೇಕು. ಅಜ್ಜಿ ಓದಬಲ್ಲಳು, ಮೊಮ್ಮಗ ಫೋನಿನ ಗುಂಡಿ ಒತ್ತಬಲ್ಲ. ನಮ್ಮ ಸಂಘದವರು ಇದಕ್ಕೊಂದು ಭಾನುವಾರವನ್ನು ಗೊತ್ತುಮಾಡಬೇಕೆಂದು ಕೇಳಿಕೊಳ್ಳುತ್ತೇನೆ.