ಪಾದಯಾತ್ರೆ ಮತ್ತು ಪಾದರಕ್ಷಣೆ

(ಶತಮಾನೋತ್ಸವದ ಅಂಗವಾಗಿ ವೇಳಾಂಗಣಿ ಪಾದಯಾತ್ರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭವರ್ಷದಲ್ಲಿ ವೇಳಾಂಗಣಿಯ ಆರೋಗ್ಯಮಾತೆಯ ಸನ್ನಿಧಿಗೆ ಕಾಲ್ನಡಿಗೆಯಲ್ಲಿ ಹೋಗುವ ಸಂಕಲ್ಪವನ್ನು ನಮ್ಮಲ್ಲಿ ಅನೇಕರು ಮಾಡಿದ್ದಾರೆ. ಆಗಸ್ಟ್ 29ರಂದು ಅಲ್ಲಿ ಧ್ವಜಾರೋಹಣ. ಸೆಪ್ಟೆಂಬರ್ 8ರಂದು ಮಾತೆಯ ಜನನೋತ್ಸವ. ಬೆಂಗಳೂರಿನಿಂದ ಹೊರಟವರಿಗೆ, ಹಿಡಿದ ದಾರಿಯನ್ನನುಸರಿಸಿ, 400 ಕಿಲೋಮೀಟರಿನಷ್ಟು ಅಥವಾ ಅದಕ್ಕೂ ಮಿಗಿಲಾದ ನಡಿಗೆ. ದಿನಕ್ಕೆ 30 ಕಿಲೋಮೀಟರ್ ನಡೆದರೂ ಎರಡು ವಾರಗಳು ಬೇಕು. ಜಪ, ಕೀರ್ತನೆ, ಊಟ, ತಂಗುದಾಣಗಳ ಬಗ್ಗೆ ನಾವು ಬಹಳ ಚರ್ಚಿಸುತ್ತೇವೆ. ಆದರೆ ನಮ್ಮನ್ನು ಅಲ್ಲಿಗೆ ಮುಟ್ಟಿಸಬೇಕಾದ ಪಾದಗಳ ಬಗ್ಗೆ ಯೋಚಿಸುವುದು ಕಡಿಮೆ. ಕಾಲಿನ ಬೊಬ್ಬೆಯನ್ನು ಮರೆಮಾಚಿ ನಡೆಯುವುದೇ ದೊಡ್ಡ ತಪಸ್ಸೆಂಬ ಭಾವನೆಯೂ ನಮ್ಮಲ್ಲಿದೆ. ಈ ಭಾವನೆ ಸರಿಯಲ್ಲವೆಂದು ಇಂದು ಅರಿಕೆ ಮಾಡಿಕೊಳ್ಳಲು ಬಯಸುತ್ತೇವೆ.

ಬೊಬ್ಬೆ, ಎಂದರೆ ನೀರುಗುಳ್ಳೆ, ಏಳುವ ಬಗೆಯನ್ನು ಮೊದಲು ತಿಳಿಯೋಣ. ಪ್ರತಿ ಹೆಜ್ಜೆಗೂ ಪಾದದ ಮೂಳೆಗಳು ಹಿಂದಕ್ಕೂ ಮುಂದಕ್ಕೂ ಸರಿಯುತ್ತವೆ. ಬೆವರಿನಿಂದ ತೇವಗೊಂಡ ಚರ್ಮವು ಮಾತ್ರ ಪಾದರಕ್ಷೆಗೆ ಅಂಟಿಕೊಂಡು ನಿಲ್ಲುತ್ತದೆ. ಸಾವಿರಾರು ಹೆಜ್ಜೆಗಳ ಈ ಎಳೆದಾಟದಿಂದ ಹೊರಚರ್ಮದ ಪದರಗಳು ಒಳಗೊಳಗೇ ಬಿಡಿಸಿಕೊಂಡು, ನಡುವೆ ನೀರು ತುಂಬುತ್ತದೆ. ಆದುದರಿಂದ ತೇವ, ಶಾಖ, ಎಳೆತ ಎಂಬ ಈ ಮೂರನ್ನು ಕಡಿಮೆಮಾಡುವುದೇ ನಮ್ಮ ಕರ್ತವ್ಯ.

ಸಿದ್ಧತೆಯು ಆರೇಳು ವಾರಗಳ ಮುಂಚೆಯೇ ಆರಂಭವಾಗಬೇಕು. ಮೊದಲು ಐದು ಕಿಲೋಮೀಟರ್, ಅನಂತರ ಹತ್ತು, ಹದಿನೈದು ಎಂದು ನಡಿಗೆಯನ್ನು ಹೆಚ್ಚಿಸುತ್ತ ಬಂದರೆ ಚರ್ಮವು ಗಟ್ಟಿಯಾಗುತ್ತದೆ. ಯಾತ್ರೆಗೆ ತೊಡುವ ಪಾದರಕ್ಷೆಯನ್ನೇ ಅಭ್ಯಾಸದಲ್ಲಿಯೂ ತೊಡಬೇಕು. ಹೊಸ ಚಪ್ಪಲಿಯಲ್ಲಿ ಯಾತ್ರೆ ಹೊರಡಬಾರದು. ನಡೆದಂತೆ ಪಾದಗಳು ಊದಿಕೊಳ್ಳುವುದರಿಂದ ಷೂಗಳನ್ನು ಸಂಜೆಯ ಹೊತ್ತು, ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರುವಂತೆ ನೋಡಿ ಕೊಳ್ಳುವುದು ಒಳ್ಳೆಯದು. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ; ಉಣ್ಣೆಯದು ಅಥವಾ ನೈಲಾನ್ ಮಿಶ್ರಿತವಾದುದು ಲೇಸು. ಒಳಗೊಂದು ತೆಳುವಾದ ಚೀಲವನ್ನು ಹಾಕಿಕೊಂಡರೆ ಉಜ್ಜಾಟವು ಎರಡು ಚೀಲಗಳ ನಡುವೆಯೇ ನಡೆದು ಚರ್ಮವು ಉಳಿಯುತ್ತದೆ. ಹಿಮ್ಮಡಿ, ಬೆರಳುಗಳಂಥ ಉಜ್ಜುವ ಕಡೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಕಾಗದದ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿಕೊಳ್ಳಬಹುದು. 250 ಕಿಲೋಮೀಟರಿನ ಓಟಗಾರರ ಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಅಗ್ಗದ ಟೇಪು ಬೊಬ್ಬೆಗಳನ್ನು ಗಣನೀಯವಾಗಿ ತಗ್ಗಿಸುತ್ತದೆಂದು ತೋರಿಸಿದೆ.

ದಾರಿಯಲ್ಲಿ ನೆನಪಿಡಬೇಕಾದ ಮುಖ್ಯ ಮಾತೊಂದಿದೆ. ಪಾದದ ಒಂದೆಡೆ ಉರಿ ಕಾಣಿಸಿದೊಡನೆ ನಿಲ್ಲಿರಿ. ಜಪಸರದ ಆ ರಹಸ್ಯ ಮುಗಿಯಲಿ ಎಂದು ಕಾಯಬೇಡಿರಿ, ಕುಳಿತೂ ಜಪಿಸಬಹುದು. ಮಣ್ಣು, ಮರಳನ್ನು ಒರೆಸಿ, ಪಾದವನ್ನು ಒಣಗಿಸಿ, ಟೇಪು ಹಾಕಿ, ಕಾಲುಚೀಲ ಬದಲಿಸಿ ಹೊರಡಿರಿ. ಹರಕೆಯಂತೆ ಬರಿಗಾಲಿನಲ್ಲಿ ನಡೆಯುವವರಿಗೆ ಬಿಸಿಲಿನಲ್ಲಿ ಕಾದ ಡಾಂಬರೇ ಶತ್ರು. ಅದರಿಂದ ಏಳುವ ಬೊಬ್ಬೆ ಸುಟ್ಟಗಾಯವೇ ಸರಿ. ಅಂಥವರು ನಸುಕಿನಲ್ಲಿ ಹೊರಟು ಬಿಸಿಲೇರುವ ಮುನ್ನ ನೆರಳು ಸೇರಿ, ಇಳಿಹೊತ್ತಿನಲ್ಲಿ ಮತ್ತೆ ನಡೆಯಲಿ.

ಇಷ್ಟಾದರೂ ಬೊಬ್ಬೆ ಎದ್ದರೆ, ಚಿಕ್ಕದನ್ನು ಒಡೆಯದೆ ಮುಚ್ಚಿಡಿರಿ. ದೊಡ್ಡದಾಗಿ ನಡೆಯಗೊಡದಿದ್ದರೆ, ಸೋಪಿನಿಂದ ತೊಳೆದು, ಶುದ್ಧಗೊಳಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಗೆ ಬಿಡಬಹುದು. ಮೇಲಿನ ಚರ್ಮವನ್ನು ಕೀಳಲೇಬಾರದು. ದಾರ ಪೋಣಿಸಿ ಬಿಡುವ ಹಳೆಯ ಪದ್ಧತಿಯಿಂದ ಸೋಂಕು ಒಳಹೊಗುತ್ತದೆ. ಕೀವು, ಹಬ್ಬುವ ಕೆಂಪು, ಜ್ವರ ಇವುಗಳಲ್ಲೊಂದು ಕಂಡರೂ ನಡಿಗೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು.

ಸಕ್ಕರೆ ಕಾಯಿಲೆಯುಳ್ಳವರಿಗೆ ನಮ್ಮ ವಿಶೇಷ ವಿನಂತಿ. ಈ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಬೊಬ್ಬೆಯ ನೋವೇ ತಿಳಿಯದು. ತಿಳಿಯದ ಗಾಯ ಹುಣ್ಣಾಗಿ, ಹುಣ್ಣು ಕೊಳೆತು, ಕಡೆಗೆ ಕಾಲನ್ನೇ ಕತ್ತರಿಸಬೇಕಾಗಿ ಬರಬಹುದು. ಇವರು ಬರಿಗಾಲಿನಲ್ಲಿ ನಡೆಯಲೇಬಾರದು. ತಾವೇ ಬೊಬ್ಬೆ ಚುಚ್ಚಲೂಬಾರದು. ವೈದ್ಯರ ಒಪ್ಪಿಗೆಯಿಲ್ಲದೆ ಯಾತ್ರೆ ಹೊರಡಬಾರದು.

"ಹರಕೆ ಹೊತ್ತಾಗಿದೆಯಲ್ಲಾ, ಮುರಿದರೆ ಪಾಪವಲ್ಲವೇ?" ಎಂದು ಕೆಲವರು ಕಳವಳಪಡುವುದು ಸಹಜ. ಶ್ರೀಸಭೆ ತಾಯಿಯಂತೆ ಇದಕ್ಕೂ ದಾರಿ ತೋರಿದೆ. 1983ರ ಶ್ರೀಸಭೆಯ ಕಾನೂನು ಸಂಹಿತೆಯ 1196 ಮತ್ತು 1197ನೆಯ ವಿಧಿಗಳ ಪ್ರಕಾರ, ನ್ಯಾಯವಾದ ಕಾರಣವಿದ್ದರೆ ಧರ್ಮಕೇಂದ್ರದ ಗುರುಗಳು ಖಾಸಗಿ ಹರಕೆಯಿಂದ ಬಿಡುಗಡೆ ನೀಡಬಲ್ಲರು. ಹರಕೆಯನ್ನು ಅದಕ್ಕೆ ಸಮನಾದ ಅಥವಾ ಮಿಗಿಲಾದ ಸತ್ಕಾರ್ಯಕ್ಕೆ ಬದಲಿಸಿಕೊಳ್ಳಲೂ ಅವಕಾಶವಿದೆ. ಗುರುಗಳ ಬಳಿ ಮನಬಿಚ್ಚಿ ಮಾತನಾಡಿರಿ.

ಲೊಯೋಲದ ಸಂತ ಇನ್ನಾಸಪ್ಪನವರ ಜೀವನದಲ್ಲಿಯೂ ಇದಕ್ಕೊಂದು ನಿದರ್ಶನವುಂಟು. 1521ರ ಯುದ್ಧದಲ್ಲಿ ಅವರ ಕಾಲು ಮುರಿದಿತ್ತು. ಮರುವರ್ಷ ಮೊಂಟ್‌ಸೆರಾಟ್ ಮಾತೆಯ ಯಾತ್ರೆಗೆ ಹೊರಟಾಗ ಅವರು ಒಂದು ಜೊತೆ ನಾರಿನ ಪಾದರಕ್ಷೆ ಕೊಂಡು, ಅದರಲ್ಲಿ ಒಂದನ್ನು ಮಾತ್ರ ತೊಟ್ಟರು. ಪಟ್ಟಿ ಕಟ್ಟಿದ್ದ ಆ ಕಾಲು ರಾತ್ರಿಯಾದಂತೆ ಊದಿಕೊಳ್ಳುತ್ತಿದ್ದುದರಿಂದ ಅದಕ್ಕೆ ರಕ್ಷಣೆ ಅಗತ್ಯವೆಂದು ಅವರು ಬಗೆದರು. ಅನಂತರ ಮನ್ರೇಸದಲ್ಲಿ ಕಠೋರ ತಪಸ್ಸಿನಿಂದ ಆರೋಗ್ಯ ಕೆಡಿಸಿಕೊಂಡ ಅದೇ ಸಂತರು, ದೇಹಕ್ಕೆ ಗಣನೀಯ ಹಾನಿಯಾಗುವಂಥ ದೇಹದಂಡನೆ ಬೇಡವೆಂದು ತಮ್ಮ ಅನುಯಾಯಿಗಳಿಗೆ ಬೋಧಿಸಿದರು.

ನೋವು ತಾನಾಗಿ ಬಂದರೆ ಅದನ್ನು ಪ್ರಭುವಿಗೆ ಸಮರ್ಪಿಸೋಣ. ಅಜಾಗ್ರತೆಯಿಂದ ಅದನ್ನು ಬರಮಾಡಿಕೊಳ್ಳುವುದು ಬೇಡ. ಒಬ್ಬರು ಕುಸಿದರೆ ಅವರನ್ನು ಹೊರಬೇಕಾದವರು ಜೊತೆಯ ಯಾತ್ರಿಗಳೇ. ಪ್ರಭು ಯೇಸುಕ್ರಿಸ್ತರು ಕಡೆಯ ಭೋಜನದ ರಾತ್ರಿ ಶಿಷ್ಯರ ಪಾದಗಳನ್ನು ತೊಳೆದುದನ್ನು ಪವಿತ್ರ ಗುರುವಾರದಂದು ವರ್ಷವರ್ಷವೂ ಸ್ಮರಿಸುವವರು ನಾವು. ತಂಗುದಾಣದಲ್ಲಿ ಪ್ರತಿ ಸಂಜೆ ಪ್ರಾರ್ಥನೆಗೆ ಮುನ್ನ ಒಬ್ಬರ ಪಾದವನ್ನೊಬ್ಬರು ತೊಳೆದು, ಒರೆಸಿ, ದೀಪದ ಬೆಳಕಿನಲ್ಲಿ ಪರೀಕ್ಷಿಸುವ ನಿಯಮವನ್ನು ನಮ್ಮ ಧರ್ಮಕೇಂದ್ರದ ಯಾತ್ರಿಗಳು ಈ ವರ್ಷದಿಂದ ಪಾಲಿಸಲೆಂದು ಪ್ರಾರ್ಥಿಸುತ್ತೇವೆ. ಕಣ್ಣು ಮಂದವಾದ ಹಿರಿಯರ ಪಾದಗಳನ್ನು ಯುವಕರು ನೋಡಲಿ.

ಆರೋಗ್ಯಮಾತೆಯು ತಮ್ಮೆಲ್ಲರನ್ನೂ ಕ್ಷೇಮವಾಗಿ ತನ್ನ ಸನ್ನಿಧಿಗೆ ಕರೆದೊಯ್ದು, ಕ್ಷೇಮವಾಗಿ ಮನೆಗೆ ಮರಳಿಸಲಿ.